ಕಳಚುವುದೂ ಕೀಳುವುದೂ ಒಂದೇ ಅಲ್ಲ

ಕಾರು ಕೊಂಡವರಿಗೆಲ್ಲ ಅದರ ಜೊತೆ ಒಂದು ಪುಸ್ತಕ ಸಿಗುತ್ತೆ. ನನ್ನ ಕಾರಿನದು 300 ಪುಟ ದಾಟಿದೆ. ಕನ್ನಡದಲ್ಲಿ ಕಾದಂಬರಿಗೆ ವಿಮರ್ಶೆ ಬರುತ್ತೆ, ಸಿನಿಮಾಕ್ಕಂತೂ ಶುಕ್ರವಾರ ಮಧ್ಯಾಹ್ನದ ಊಟದೊಳಗೆ ಬಂದುಬಿಡುತ್ತೆ. ಓನರ್ಸ್ ಮ್ಯಾನ್ಯುಯಲ್‌ಗೆ ಬಂದದ್ದು ಮಾತ್ರ ನಾನು ಕಂಡಿಲ್ಲ. ಅದಕ್ಕೇ ಈ ಸಲ ಅದರ ಒಂದೇ ಒಂದು ಪುಟ ಇಟ್ಟುಕೊಂಡು ಕೂತಿದ್ದೀನಿ. ಹಿಂದಿನ ಗಾಜಿನ ವೈಪರ್ ಬ್ಲೇಡ್ ಬದಲಿಸೋದು ಹೇಗೆ ಅನ್ನೋ ಪುಟ.

ಹಿಂದಿನ ವೈಪರ್ ಎಲ್ಲ ಕಾರಿಗೂ ಇರಲ್ಲ. ಸೆಡಾನ್‌ಗಳಿಗೆ ಸಾಮಾನ್ಯವಾಗಿ ಬೇಕಾಗೋದೂ ಇಲ್ಲ. ಚಾವಣಿ ಮೇಲಿಂದ ಬಂದ ಗಾಳಿ ಇಳಿಜಾರಿನ ಗಾಜಿನ ಮೇಲೆ ಹರಿಯುತ್ತಾ ನೀರನ್ನೂ ಒಂದಷ್ಟು ಎಳೆದುಕೊಂಡು ಹೋಗುತ್ತೆ. ಹ್ಯಾಚ್‌ಬ್ಯಾಕು, ಎಸ್‌ಯುವಿಗಳ ಬೆನ್ನು ಗೋಡೆ ಹಾಗೆ ನೆಟ್ಟಗಿರುತ್ತೆ. ಗಾಳಿ ಚಾವಣಿಯ ಅಂಚಲ್ಲೇ ಕೈಬಿಟ್ಟು ಹೋಗುತ್ತೆ, ಹಿಂದೆ ಒತ್ತಡ ಕಡಿಮೆಯಾಗುತ್ತೆ, ಚಕ್ರ ಎಬ್ಬಿಸಿದ ಧೂಳು ಕೆಸರೆಲ್ಲ ಸುಳಿ ತಿರುಗಿ ಬಂದು ಆ ಗಾಜಿಗೇ ಮೆತ್ತಿಕೊಳ್ಳುತ್ತೆ. ತಿಪಟೂರು ಕಡೆ ನಮ್ಮೂರಿನ ಕೆಮ್ಮಣ್ಣಿನ ದಾರೀಲಿ ಮಳೆ ಬಿದ್ದ ದಿನ ಓಡಾಡಿದರೆ ಇದಕ್ಕೆ ಬೇರೆ ಪಾಠ ಬೇಕಿಲ್ಲ. ಆದರೂ ಎಷ್ಟೋ ಮಾಡೆಲ್‌ಗಳಲ್ಲಿ ಹಿಂದಿನ ವೈಪರ್ ಸಿಗೋದು ದುಬಾರಿ ವೇರಿಯಂಟಿನಲ್ಲಿ ಮಾತ್ರ. ದುಡ್ಡು ಕೊಟ್ಟು ತಗೊಂಡವರೂ ಆಮೇಲೆ ಅದರ ಕಡೆ ತಿರುಗಿ ನೋಡಲ್ಲ. ಆ ರಬ್ಬರು ಉಜ್ಜಿ ಸವೆಯೋದಕ್ಕಿಂತ ಹೆಚ್ಚಾಗಿ ಬಿಸಿಲಿಗೆ ಒಣಗಿ, ಗಟ್ಟಿಯಾಗಿ, ಅಂಚಿನಲ್ಲಿ ಸೀಳುಬಿಟ್ಟು ಸಾಯುತ್ತೆ. ವರ್ಷವಿಡೀ ಸುಮ್ಮನಿದ್ದು, ಮೊದಲ ಮಳೇಲಿ ಗಾಜಿನ ಮೇಲೆ ಕರ್ರ್ ಅಂತ ಒಂದು ಮಸಿ ಗೆರೆ ಎಳೆದಾಗಲೇ ನಮಗೆ ಅದರ ನೆನಪು.

ಈಗ ಆ ಪುಟಕ್ಕೆ ಬರೋಣ. ಎರಡು ಎಚ್ಚರಿಕೆ ಚೌಕ, ಒಂದು ಚಿತ್ರ, ನಾಲ್ಕು ಸಾಲು, ಕೊನೆಗೆ ಅಧಿಕೃತ ಡೀಲರ್‌ರನ್ನು ಸಂಪರ್ಕಿಸಿ ಅನ್ನೋ ಸಲಹೆ. ಎಚ್ಚರಿಕೆಗಳು ನನ್ನ ಗಾಜಿನ ಮೇಲಿನ ಕಾಳಜಿಗೆ ಬರೆದವಲ್ಲ, ನಾಳೆ ನಾನು ಜಗಳಕ್ಕೆ ಹೋದರೆ ಮೊದಲೇ ಹೇಳಿದ್ದೆವಲ್ಲ ಅನ್ನೋದಕ್ಕೆ ಬರೆದವು. ಆಫೀಸಿನಲ್ಲಿ ನಾನೂ ಡಾಕ್ಯುಮೆಂಟ್ ಬರೆಯೋನೇ, ಈ ವಾಸನೆ ನನಗೆ ದೂರದಿಂದಲೇ ಬಡಿಯುತ್ತೆ. ಅದನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಆ ನಾಲ್ಕು ಸಾಲಿನ ಕ್ರಿಯಾಪದ. ಇಡೀ ಕೆಲಸ ನಿಂತಿರೋದು ಒಂದೇ ಪದದ ಮೇಲೆ: ‘ರಿಮೂವ್’.

ರಿಮೂವ್ ಅಂದರೆ ಏನು ಮಾಡಬೇಕು ಸ್ವಾಮಿ? ಊರಲ್ಲಿ ಬೆಳೆದ ಯಾವ ಹುಡುಗನಿಗೂ ಯಾರೂ ಬರೀ ‘ತೆಗಿ’ ಅಂತ ಹೇಳಿ ಬಿಡಲ್ಲ. ಗಂಟಾದರೆ ಬಿಚ್ಚಬೇಕು, ಬಳೆಯಾದರೆ ಕಳಚಬೇಕು, ಮೊಳೆಯಾದರೆ ಕೀಳಬೇಕು, ಬಂಡೆಯಾದರೆ ಹಾರೆ ಕೊಟ್ಟು ಮೀಟಬೇಕು, ತೆಂಗಿನಕಾಯಿ ಆದರೆ ಸುಲಿಯಬೇಕು. ಇವೆಲ್ಲ ಒಂದೇ ಅರ್ಥದ ಬೇರೆ ಬೇರೆ ಪದಗಳಲ್ಲ. ಪ್ರತಿಯೊಂದೂ ಕೈಗೆ ಎಷ್ಟು ಬಲ, ಯಾವ ದಿಕ್ಕು, ಎಷ್ಟು ತಾಳ್ಮೆ ಅನ್ನೋದನ್ನು ಹೇಳುತ್ತೆ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು, ಕಳಚಿದ್ದನ್ನು ಮತ್ತೆ ಸಿಕ್ಕಿಸಬಹುದು, ಕಿತ್ತದ್ದು ಸಾಮಾನ್ಯವಾಗಿ ವಾಪಸ್ ಹೋಗಲ್ಲ. ಹಿಂದಿನ ವೈಪರ್ ಬ್ಲೇಡು ಕಳಚೋ ಜಾತಿಯದು. ತೋಳಿನ ತುದಿಯಲ್ಲಿ ಒಂದು ಸಣ್ಣ ಅಡ್ಡಕಡ್ಡಿ, ಅದನ್ನು ಬ್ಲೇಡಿನ ಪ್ಲಾಸ್ಟಿಕ್ ಕೊಂಡಿ ಕಚ್ಚಿಕೊಂಡಿರುತ್ತೆ. ರಿಮೂವ್ ಅಂತ ಓದಿದವನು ಹಿಡಿದು ಜಗ್ಗುತ್ತಾನೆ, ಕೊಂಡಿಯೋ ತೋಳೋ ಮುರಿಯುತ್ತೆ. ಆಮೇಲೆ ಪುಟದ ಕೊನೆ ಸಾಲು ತಾನಾಗೇ ನಿಜವಾಗುತ್ತೆ, ಡೀಲರ್ ಹತ್ತಿರ ಹೋಗಲೇಬೇಕು.

ಇದಕ್ಕೆ ಪರಿಹಾರ ಕೈಪಿಡಿ ಕನ್ನಡದಲ್ಲಿ ಬರೋದು ಅಂತ ನೀವು ಹೇಳಬಹುದು. ನಾನೂ ಕೈ ಎತ್ತುತ್ತೀನಿ, ಆದರೆ ಅರ್ಧ ಮಾತ್ರ. ನಿಮ್ಮ ಫೋನನ್ನು ಕನ್ನಡಕ್ಕೆ ತಿರುಗಿಸಿ ನೋಡಿ. ಆಪ್ ಬೇಡವಾದರೆ ‘ತೆಗೆದುಹಾಕಿ’, ಖಾತೆ ಬೇಡವಾದರೆ ‘ತೆಗೆದುಹಾಕಿ’. ನಾಳೆ ಕಾರಿನ ಕೈಪಿಡಿ ಅನುವಾದ ಆದರೂ ಬರೋದು ಅದೇ, ‘ವೈಪರ್ ಬ್ಲೇಡನ್ನು ತೆಗೆದುಹಾಕಿ’. ಅಕ್ಷರ ಕನ್ನಡದ್ದು, ಕೈ ಮಾತ್ರ ಇಂಗ್ಲಿಷಿನದು. ಅನುವಾದ ಮಾಡುವವರ ಮುಂದೆ ಇಂಗ್ಲಿಷ್ ವಾಕ್ಯ ಇರುತ್ತೆ, ವೈಪರ್ ಇರಲ್ಲ. ಅಲ್ಲಿಗೆ ಕಥೆ ಮುಗೀತು.

ವಿಡಿಯೊಗಳು? ಮೂರು ನಿಮಿಷದ ಕೆಲಸಕ್ಕೆ ಹನ್ನೆರಡು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಸಬ್‌ಸ್ಕ್ರೈಬ್ ಮಾಡಿ ಅನ್ನೋ ವಿನಂತಿ. ಆದರೂ ಕೈಪಿಡಿಗಿಂತ ಇವೇ ವಾಸಿ, ಕೈ ಕಾಣುತ್ತೆ. ಕನ್ನಡದ ಗ್ಯಾರೇಜು ಹುಡುಗರು ಮಾಡಿರೋದನ್ನು ನೋಡಿದರೆ ಕೆಲಸ ಸೊಗಸು, ಮಾತು ಮಾತ್ರ ‘ಹಿಂಗ್ ಹಿಡ್ಕಳಿ, ಹಂಗ್ ಮಾಡಿ, ಬಂತಾ?’ ಅಷ್ಟೇ. ಆ ‘ಹಂಗ್’ ಆಗುವ ಹೊತ್ತಿಗೆ ಸರಿಯಾಗಿ ಮೊಣಕೈ ಕ್ಯಾಮೆರಾಗೆ ಅಡ್ಡ ಬಂದಿರುತ್ತೆ. ಕೈಗೆ ಗೊತ್ತಿರೋದಕ್ಕೆ ಮಾತು ಕೊಡೋ ರೂಢಿ ತಪ್ಪಿಹೋಗಿದೆ. ನಮ್ಮ ಚಿಕ್ಕಪ್ಪ ಸೈಕಲ್ ಪಂಪಿನ ಚರ್ಮದ ವಾಷರ್ ಹಾಕೋದನ್ನು ಹೇಳಿಕೊಟ್ಟಾಗ ಅಂದದ್ದು ಇಷ್ಟು: “ಎಣ್ಣೆ ಹಚ್ಚು. ಒತ್ತಬ್ಯಾಡ ಕಣ್ಲಾ, ತಿರುಗುಸ್ಕಂಡು ಕೂರ್ಸು.” ಎರಡು ಕ್ರಿಯಾಪದ ಬೇಕು, ಒಂದು ಬೇಡ. ಇದಕ್ಕಿಂತ ಒಳ್ಳೆ ಟೆಕ್ನಿಕಲ್ ರೈಟಿಂಗ್ ನನ್ನ ಸರ್ವೀಸಿನಲ್ಲಿ ಓದಿಲ್ಲ.

ರಾಬರ್ಟ್ ಪಿರ್ಸಿಗ್‌ನ ‘ಜೆನ್ ಆ್ಯಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಬಂದ ಪುಸ್ತಕ. ನಮ್ಮ ಐಟಿ ಜನ ಅರ್ಧ ಓದಿ ಶೆಲ್ಫಿನಲ್ಲಿಡೋ ಪುಸ್ತಕಗಳಲ್ಲಿ ಅದೂ ಒಂದು. ಪಿರ್ಸಿಗ್ ಸ್ವತಃ ತಾಂತ್ರಿಕ ಕೈಪಿಡಿ ಬರೆದು ಹೊಟ್ಟೆ ಹೊರೆದವನು. ಬೈಕು ಹಾಳು ಮಾಡಿದ ಮೆಕ್ಯಾನಿಕ್ಕುಗಳಲ್ಲೂ ತಾನು ತಿದ್ದೋ ಕೈಪಿಡಿಗಳಲ್ಲೂ ಒಂದೇ ರೋಗ ಅವನಿಗೆ ಕಾಣುತ್ತೆ. ಇಬ್ಬರೂ ಯಂತ್ರದ ಪಕ್ಕ ಪ್ರೇಕ್ಷಕರ ಹಾಗೆ ನಿಂತಿದ್ದಾರೆ ಅನ್ನೋದು ಅವನ ತಕರಾರು. ಅವನ ತತ್ವಶಾಸ್ತ್ರ ನನಗೆ ಅಲ್ಲಲ್ಲಿ ತಲೆ ಮೇಲೆ ಹೋಯ್ತು, ಈ ಮಾತು ಹೋಗಲಿಲ್ಲ.

ದುಡ್ಡಿನ ವಿಷಯ ಬಿಟ್ಟರೆ ವಿಮರ್ಶೆ ಅರ್ಧವಾಗುತ್ತೆ. ಸರ್ವೀಸ್ ಸೆಂಟರೊಂದರಲ್ಲಿ ನನಗೆ ಕೊಟ್ಟ ಎಸ್ಟಿಮೇಟಿನಲ್ಲಿ ರಬ್ಬರು ಇರಲಿಲ್ಲ, ಬ್ಲೇಡೂ ಇರಲಿಲ್ಲ. ತೋಳಿನ ಸಮೇತ ಪೂರ್ತಿ ಅಸೆಂಬ್ಲಿ, ಮೇಲೆ ಲೇಬರ್ ಚಾರ್ಜು. ಸವೆದಿದ್ದು ಒಂದು ಗೇಣು ರಬ್ಬರು. ರೀಫಿಲ್ ಮುಗಿದರೆ ಪೆನ್ನಿನ ಜೊತೆ ಜೇಬನ್ನೂ ಬದಲಿಸಿ ಅಂದಹಾಗೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಉಪಕರಣಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗಡೆ ರಿಪೇರಿ ಮಾಡಿಸಿದರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಹಾಗಿಲ್ಲ ಅಂತಲೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ಗೆ ಸಮಿತಿ ಮಾಡಿತು, ಆಯ್ದುಕೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಇವೆ. ಹಕ್ಕು ಬಂದರೆ ಸಂತೋಷ. ಆದರೆ ಬಿಡಿಭಾಗ ಕೈಗೆ ಕೊಟ್ಟು ಕ್ರಿಯಾಪದ ಬಚ್ಚಿಟ್ಟರೆ ಆ ಹಕ್ಕನ್ನು ಏನು ಮಾಡೋದು?

ಟೀಕೆ ಮಾಡಿದ ಮೇಲೆ ಬರೆದು ತೋರಿಸಬೇಕು. ಆ ಪುಟ ಹೀಗಿರಬಹುದಿತ್ತು ಅಂತ ನನ್ನ ಅನಿಸಿಕೆ:

ಮೊದಲು ಹಳೇ ಬ್ಲೇಡನ್ನು ಅಳೆದುಕೊಳ್ಳಿ, ಹಿಂದಿನದು ಮುಂದಿನದಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ಕೊಂಡಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ, ಬೆಂಗಳೂರಾದರೆ ಜೆ.ಸಿ. ರಸ್ತೆ. ಉದ್ದ ಸರಿಯಿದ್ದು ಕೊಂಡಿ ಬೇರೆಯಾದರೆ ಬ್ಲೇಡು ಕೂರಲ್ಲ. ಗಾಡಿ ಆಫ್ ಮಾಡಿ. ಗಾಜಿನ ಮೇಲೆ ಹಳೇ ಟವೆಲ್ ಮಡಿಸಿ ಇಡಿ, ತೋಳಿನಲ್ಲಿ ಸ್ಪ್ರಿಂಗ್ ಇದೆ, ಕೈಜಾರಿ ಬಡಿದರೆ ಗಾಜು ಪುಡಿಯಾಗಬಹುದು. ತೋಳು ಎಷ್ಟು ಬರುತ್ತೋ ಅಷ್ಟೇ ಎತ್ತಿ; ಮುಂದಿನದರ ಹಾಗೆ ನೆಟ್ಟಗೆ ನಿಲ್ಲದೇ ಇರಬಹುದು. ಅದನ್ನು ಒಂದು ಕೈಯಲ್ಲಿ ಹಿಡಿದೇ ಇರಿ. ಇನ್ನೊಂದು ಕೈಯಲ್ಲಿ ಬ್ಲೇಡನ್ನು ಕದ ತೆರೆದ ಹಾಗೆ ತೋಳಿನಿಂದ ಆಚೆ ಹೊರಳಿಸಿ. ಒಂದು ಕಡೆ ಬಿಗಿ ಅನಿಸುತ್ತೆ. ಅಲ್ಲಿ ಕೀಳಬೇಡಿ. ಹೆಬ್ಬೆರಳನ್ನು ಕೊಂಡಿಯ ಪಕ್ಕದಲ್ಲೇ ಇಟ್ಟು ಇನ್ನೊಂಚೂರು ಒತ್ತಿ, ಟಿಫಿನ್ ಡಬ್ಬಿಯ ಮುಚ್ಚಳ ಬಿಡಿಸುವಷ್ಟು ಬಲ ಸಾಕು. ಟಕ್ ಅಂತ ಕಳಚಿಕೊಳ್ಳುತ್ತೆ. ಹೊಸದನ್ನು ಅದೇ ಓರೆಯಲ್ಲಿಟ್ಟು ಸಿಕ್ಕಿಸಿ, ಮತ್ತೆ ಟಕ್ ಅನ್ನಬೇಕು. ಅನ್ನಲಿಲ್ಲ ಅಂದರೆ ಕೂತಿಲ್ಲ. ತೋಳನ್ನು ಬಿಡಬೇಡಿ, ಇಳಿಸಿ. ನೀರು ಚಿಮುಕಿಸಿ ಓಡಿಸಿ ನೋಡಿ, ಒಣ ಗಾಜಿನ ಮೇಲೆ ಬೇಡ.

ಎಲ್ಲ ಕಾರಿಗೂ ಇದೇ ನಡೆಯಲ್ಲ ಅಂತ ಯಾರಾದರೂ ಹೇಳೇ ಹೇಳ್ತಾರೆ, ನಿಜ. ಕೆಲವದರಲ್ಲಿ ಕೊಂಡಿಯನ್ನು ಒತ್ತಿ ಹಿಡಿದು ಜಾರಿಸಬೇಕು. ಇನ್ನು ಕೆಲವದರಲ್ಲಿ ತೋಳು, ಬ್ಲೇಡು ಜೊತೆಗೇ ಬದಲಿಸಬೇಕಾಗುತ್ತೆ. ಅಲ್ಲಿ ಬುಡದ ಪ್ಲಾಸ್ಟಿಕ್ ಮುಚ್ಚಳವನ್ನು ಮೀಟಿ, ಒಳಗಿನ ನಟ್ಟನ್ನು ಬಿಚ್ಚಿ, ತೋಳನ್ನು ಆಚೀಚೆ ಅಲುಗಿಸುತ್ತಾ ಎಬ್ಬಿಸಬೇಕು. ಅದಕ್ಕೂ ಮೊದಲು ಬ್ಲೇಡು ಎಲ್ಲಿ ನಿಂತಿತ್ತು ಅಂತ ಗಾಜಿನ ಮೇಲೆ ಒಂದು ಟೇಪ್ ಅಂಟಿಸಿಕೊಂಡಿರಿ. ಆ ಬುಡದಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಕೂರಿಸುವಾಗ ಒಂದೆರಡು ಹಲ್ಲು ತಪ್ಪಿದರೆ ವೈಪರ್ ಗಾಜು ಬಿಟ್ಟು ತಗಡು ಒರೆಸೋಕೆ ಹೋಗುತ್ತೆ.