ಸೇತುವೆ ಕೂಡಿತು, ಬೀದಿ ಕೂಡಲಿಲ್ಲ

ಮೊಸ್ತಾರ್ ಎಂಬ ಊರನ್ನು ನೋಡಿ ಬಂದವರು ಅದನ್ನು ಹೊಗಳದೆ ಬಿಡುವುದಿಲ್ಲ. ಬೋಸ್ನಿಯಾ ಮತ್ತು ಹೆರ್ಜೆಗೋವಿನಾ ದೇಶದ ಆ ಹಳೆಯ ಪಟ್ಟಣದ ಕಲ್ಲುಸೇತುವೆಯ ಮುಂದೆ ತೆಗೆಸಿಕೊಂಡ ಫೋಟೋ ತೋರಿಸಿ, “ಯುದ್ಧದಲ್ಲಿ ಒಡೆದದ್ದನ್ನು ಮತ್ತೆ ಕಟ್ಟಿದ್ದಾರೆ, ಬೇರೆಯಾದ ಜನರನ್ನು ಬೆಸೆದಿದ್ದಾರೆ” ಎನ್ನುತ್ತಾರೆ. ಜರ್ಮನಿಯಲ್ಲಿರುವ ಮಗಳು, ಅಳಿಯನ ಜೊತೆ ನಾನೂ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂದೆ. ಆ ಮಾತಿನ ಮೊದಲರ್ಧಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಉಳಿದರ್ಧಕ್ಕೆ ಕೊಡಲು ಮನಸ್ಸು ಒಪ್ಪುವುದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ನೆರೆತ್ವಾ ನದಿಯ ಮೇಲಿನ ಈ ಸೇತುವೆಯನ್ನು 1566ರಲ್ಲಿ ಮಿಮಾರ್ ಹೈರುದ್ದೀನ್ ಎಂಬ ತುರ್ಕಿ ವಾಸ್ತುಶಿಲ್ಪಿ ಕಟ್ಟಿ ಮುಗಿಸಿದ. ಒಂದೇ ಕಮಾನು, ನಡುವೆ ಕಂಬವಿಲ್ಲ. ಊರಿಗೆ ಹೆಸರು ಬಂದದ್ದೇ ಸೇತುವೆ ಕಾಯುವವರಿಂದ. 427 ವರ್ಷ ನಿಂತ ಅದು 1993ರ ನವೆಂಬರ್ 9ರಂದು ಕ್ರೋಟ್ ಪಡೆಗಳ ಶೆಲ್ ದಾಳಿಗೆ ಸಿಕ್ಕಿ ನದಿಗೆ ಬಿತ್ತು. ಅದಕ್ಕೂ ಒಂದು ವರ್ಷ ಮೊದಲು ಇದೇ ಕ್ರೋಟರೂ ಬೋಸ್ನಿಯಾದ ಮುಸ್ಲಿಮರೂ ಒಟ್ಟಾಗಿ ಸೆರ್ಬರ ಪಡೆಯನ್ನು ಎದುರಿಸಿದ್ದರು. ಜೊತೆಗಾರರೇ ಶತ್ರುಗಳಾದ ಕಥೆ ಇದು.

ಯುದ್ಧ ನಿಂತ ಮೇಲೆ ಹಂಗೇರಿಯ ಸೇನೆಯ ಮುಳುಗುಗಾರರು ನದಿಯಿಂದ ಕಲ್ಲುಗಳನ್ನು ಎತ್ತಿದರು. ಹೆಚ್ಚಿನವು ಮತ್ತೆ ಕಟ್ಟಲು ಬಾರದಷ್ಟು ಹಾಳಾಗಿದ್ದವು. ಸಿಮೆಂಟು ಬಳಿದು ಕೈತೊಳೆದುಕೊಳ್ಳದೆ ಟೆನೆಲಿಯಾ ಎಂಬ ಅದೇ ಜಾತಿಯ ಕಲ್ಲನ್ನು ಆ ಸೀಮೆಯಲ್ಲೇ ತೆಗೆಸಿ, ಹಳೆಯ ಕ್ರಮದಲ್ಲೇ ಕಬ್ಬಿಣದ ಕೊಂಡಿ ಹಾಕಿ ಕರಗಿಸಿದ ಸೀಸ ಹೊಯ್ದು ಕೂಡಿಸಿದರು. ಯುನೆಸ್ಕೋ, ವಿಶ್ವಬ್ಯಾಂಕ್, ತುರ್ಕಿ, ಇಟಲಿ, ನೆದರ್ಲೆಂಡ್ಸ್, ಕ್ರೊಯೇಷಿಯಾ, ಎಲ್ಲರೂ ಕೈಹಾಕಿದರು. 2004ರ ಜುಲೈ 23ರಂದು ಸೇತುವೆ ತೆರೆಯಿತು. ಮರುವರ್ಷ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಸಂಜೆಯ ಬಿಸಿಲಿನಲ್ಲಿ ಹಸಿರು ನೀರಿನ ಮೇಲೆ ಅದನ್ನು ಕಂಡಾಗ ನನ್ನ ಕಣ್ಣೂ ತುಂಬಿತು. ಕಟ್ಟಿದವರ ಶ್ರದ್ಧೆಯಲ್ಲಿ ಕೊರತೆ ಹುಡುಕುವುದು ಅನ್ಯಾಯ.

ನನ್ನ ತಕರಾರು ಸೇತುವೆಯ ಮೇಲಲ್ಲ, ಅದಕ್ಕೆ ಹೊರಿಸಿದ ಮಾತಿನ ಮೇಲೆ. ಆ ಸೇತುವೆ ಯಾರನ್ನು ಯಾರಿಗೆ ಕೂಡಿಸುತ್ತದೆ? ನದಿಯ ಈಚೆ ಒಬ್ಬರು, ಆಚೆ ಇನ್ನೊಬ್ಬರು ಎಂದೇ ನಾವೆಲ್ಲ ತಿಳಿಯುತ್ತೇವೆ. ವಾಸ್ತವ ಹಾಗಿಲ್ಲ. ಹಳೆಯ ಸೇತುವೆಯ ಎರಡು ತುದಿಗಳಲ್ಲೂ ಇರುವವರು ಬಹುಮಟ್ಟಿಗೆ ಬೋಸ್ನಿಯಾದ ಮುಸ್ಲಿಮರೇ. ಯುದ್ಧದ ಗಡಿಯಾಗಿದ್ದದ್ದು ನದಿಯಲ್ಲ, ಪಶ್ಚಿಮ ದಂಡೆಯಲ್ಲಿ ಸ್ವಲ್ಪ ಒಳಗಿರುವ ಬುಲೆವಾರ್ ಎಂಬ ಅಗಲವಾದ ಬೀದಿ. ಇಂದಿಗೂ ಕ್ರೋಟರ ಊರು ಹೆಚ್ಚುಕಡಿಮೆ ಆ ಬೀದಿಯ ಆಚೆಗೇ. ಅಲ್ಲಿ ಕೆಲವು ಗೋಡೆಗಳ ಮೇಲೆ ಗುಂಡಿನ ತೂತುಗಳು ಹಾಗೆಯೇ ಇವೆ. ಪ್ರವಾಸಿಗರು ಮಾತ್ರ ಸೇತುವೆಯಿಂದ ಹುಡುಗರು ನದಿಗೆ ಧುಮುಕುವುದನ್ನು ನೋಡಿ, ತೋಟಾದ ಚಿಪ್ಪಿನಿಂದ ಮಾಡಿದ ಪೆನ್ನು ಕೊಂಡು ಬಸ್ಸು ಹತ್ತುತ್ತಾರೆ. ಒಡೆದ ಜಾಗ ಒಂದು, ಮುಲಾಮು ಹಚ್ಚಿದ್ದು ಇನ್ನೊಂದು!

ಆ ಬೀದಿಯ ಅಂಚಿನಲ್ಲಿ, ಸ್ಪ್ಯಾನಿಷ್ ಚೌಕದಲ್ಲಿ, ನಾನು ನೋಡಲೇಬೇಕೆಂದುಕೊಂಡಿದ್ದ ಕಟ್ಟಡವಿದೆ. ಆಸ್ಟ್ರಿಯಾ-ಹಂಗೇರಿ ಆಳ್ವಿಕೆಯ ಕಾಲದ ಪ್ರೌಢಶಾಲೆ, ಮೊಸ್ತಾರ್ ಜಿಮ್ನೇಸಿಯಂ. ಯುದ್ಧದಲ್ಲಿ ಜರ್ಜರಿತವಾದ ಅದನ್ನೂ ಚೆಂದವಾಗಿ ದುರಸ್ತಿ ಮಾಡಿದ್ದಾರೆ. ಸೇತುವೆ ತೆರೆದ 2004ರಲ್ಲೇ ಎರಡೂ ಕಡೆಯ ಮಕ್ಕಳನ್ನು ಒಂದು ಆಡಳಿತದಡಿ ತಂದರು. ಆದರೆ ಪಠ್ಯಕ್ರಮ ಎರಡು. ಕ್ರೋಟ್ ಮಕ್ಕಳಿಗೆ ಒಂದು ಪಾಠ, ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಪಾಠ. ಕಂಪ್ಯೂಟರ್ ಕೋಣೆ, ವಿದ್ಯಾರ್ಥಿ ಸಂಘ ಇಂಥವು ಮಾತ್ರ ಸಮಾನ. ದೇಶದಲ್ಲಿ ಇದಕ್ಕಿಂತ ಕಟುವಾಗಿ ಮಕ್ಕಳನ್ನು ಬೇರ್ಪಡಿಸಿದ ಶಾಲೆಗಳಿವೆ. ಅವುಗಳಿಗೆ “ಒಂದೇ ಸೂರಿನಡಿ ಎರಡು ಶಾಲೆ” ಎಂಬ ಹೆಸರೇ ಬಿದ್ದಿದೆ. 2018ರಲ್ಲಿ ಯೂರೋಪಿನ ಭದ್ರತಾ ಸಂಸ್ಥೆ ಲೆಕ್ಕ ಹಾಕಿದಾಗ ಅಂಥ 56 ಶಾಲೆಗಳು ಸಿಕ್ಕವು.

ನಮ್ಮ ಊರುಗಳಲ್ಲೂ ಒಂದೇ ಕಾಂಪೌಂಡಿನಲ್ಲಿ ಕನ್ನಡ ಮಾಧ್ಯಮ, ಉರ್ದು ಮಾಧ್ಯಮದ ಶಾಲೆಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ, ನಾನೂ ಅಂಥಲ್ಲಿ ಪಾಠ ಮಾಡಿದ್ದೇನೆ. ಇಲ್ಲಿ ಭಾಷೆ ಬೇರೆಯಾದರೂ ಸಮಾಜ ವಿಜ್ಞಾನದ ಪುಸ್ತಕದೊಳಗಿನ ಪಾಠ ಒಂದೇ. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುತ್ತದೆ, ಇತಿಹಾಸ ಮಾತ್ರ ಬೇರೆ. ಇಬ್ಬರು ಮಕ್ಕಳು ಪಕ್ಕಪಕ್ಕದ ಕೋಣೆಯಲ್ಲಿ ಕೂತು, ತಮ್ಮ ಅಪ್ಪಂದಿರು ಹೊಡೆದಾಡಿದ ಯುದ್ಧದ ಬಗ್ಗೆ ಎರಡು ಬಗೆಯಾಗಿ ಕಲಿತರೆ, ಹೊರಗಿನ ಸೇತುವೆ ಎಷ್ಟು ಗಟ್ಟಿಯಾಗಿದ್ದರೇನು? ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇದಕ್ಕೇ. ದೊಡ್ಡವರಂತೂ 2008ರಿಂದ 2020ರವರೆಗೆ ಈ ಊರಿನ ನಗರಸಭೆಗೆ ಒಂದು ಚುನಾವಣೆ ನಡೆಸಲೂ ಒಮ್ಮತಕ್ಕೆ ಬರಲಿಲ್ಲ.

ಹಾಗೆಂದು ಕೈಚೆಲ್ಲಬೇಕಿಲ್ಲ. ಅದೇ ದೇಶದ ಯಾಯ್ತ್ಸೆ ಎಂಬ ಸಣ್ಣ ಪಟ್ಟಣದಲ್ಲಿ ಬೋಸ್ನಿಯಾಕ್ ಮಕ್ಕಳಿಗೆಂದೇ ಪ್ರತ್ಯೇಕ ಪ್ರೌಢಶಾಲೆ ಮಾಡಲು ಸರ್ಕಾರ ಹೊರಟಾಗ, ಎರಡೂ ಕಡೆಯ ಹೈಸ್ಕೂಲು ಮಕ್ಕಳು ಒಟ್ಟಾಗಿ ಬೀದಿಗಿಳಿದು ಬೇಡವೆಂದರು. 2017ರಲ್ಲಿ ಆ ಯೋಜನೆ ನಿಂತಿತು. ವಿಶ್ವಬ್ಯಾಂಕಿನ ಹಣವಿಲ್ಲದೆ, ಸೀಸ ಹೊಯ್ಯದೆ ಆ ಮಕ್ಕಳು ಕಟ್ಟಿದ್ದೂ ಒಂದು ಸೇತುವೆಯೇ. ಅದರ ಫೋಟೋ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ನಿಮ್ಮ ಮಕ್ಕಳು ಹೊರದೇಶದಲ್ಲಿದ್ದು, ನಿಮಗೂ ಮೊಸ್ತಾರಿಗೆ ಹೋಗುವ ಯೋಗ ಬಂದರೆ ಸೇತುವೆಯನ್ನು ಕಣ್ತುಂಬ ನೋಡಿ. ಮೆಟ್ಟಿಲು ನುಣುಪು, ಸೀರೆಯ ನೆರಿಗೆ ಎತ್ತಿ ಹಿಡಿದು ಜೋಪಾನವಾಗಿ ಇಳಿಯಿರಿ. ಬಸ್ಸು ಹತ್ತುವ ಮೊದಲು ಸ್ಪ್ಯಾನಿಷ್ ಚೌಕದವರೆಗೂ ನಡೆದು ಹೋಗಿ, ಆ ಶಾಲೆಯ ಎದುರು ಐದು ನಿಮಿಷ ನಿಲ್ಲಿ. ಊರು ಮತ್ತೆ ಕಟ್ಟಿ ಮುಗಿಯಿತೋ ಇಲ್ಲವೋ ಎನ್ನುವುದನ್ನು ಅಲ್ಲಿ ನಿಂತೇ ಹೇಳಬೇಕು.