ತೋಳಿನ ತಾಯಿತ

ವೆಲಿಂಗ್ಟನ್ ಡ್ಯೂಕನ ದಾಂಪತ್ಯ ಸುಖದ್ದಾಗಿರಲಿಲ್ಲ ಎಂದು ಅವನ ಬಗ್ಗೆ ಬರೆದ ಹೆಚ್ಚಿನವರು ಹೇಳುತ್ತಾರೆ. ಅವರು ಕೊಡುವ ಕಾರಣವೂ ಹೆಚ್ಚುಕಡಿಮೆ ಒಂದೇ. ಅವನು ಶಿಸ್ತಿನ, ಲೆಕ್ಕಾಚಾರದ ಗಂಡಸು, ಹೆಂಡತಿ ಕಿಟ್ಟಿ ಅಳುಕಿನ ಮೆದು ಹೆಂಗಸು, ಜೋಡಿ ಕೂಡಿಬರಲಿಲ್ಲ. ಈ ತೀರ್ಪನ್ನು ನಾನೂ ಬಹುಕಾಲ ಒಪ್ಪಿದ್ದೆ. ಈಗ ಒಪ್ಪಲಾರೆ. ಆ ಮದುವೆಯನ್ನು ಮೊದಲು ಕೆಡಿಸಿದ್ದು ಸ್ವಭಾವವಲ್ಲ, ದಂಡಿನ ಬದುಕು. ಅದಕ್ಕೆ ಸಾಕ್ಷಿ ನಮ್ಮ ಕನ್ನಡ ನೆಲದಲ್ಲೇ ಇದೆ.

ಹೊಸಕೆರೆಹಳ್ಳಿಯ ನಮ್ಮ ಮನೆಯಿಂದ ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣ ಅರ್ಧ ದಿನದ ಹಾದಿಯೂ ಅಲ್ಲ. ಅಲ್ಲಿನ ದರಿಯಾ ದೌಲತ್ ಅರಮನೆಗೆ ಹೋದವರು ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ, ಟಿಪ್ಪುವನ್ನು ನೆನೆದು ಹೊರಬರುತ್ತಾರೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅದೇ ಮನೆಯಲ್ಲಿ ವಾಸವಾಗಿದ್ದವನು ಮೂವತ್ತರ ಹರೆಯದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದಿನ ವೆಲಿಂಗ್ಟನ್. ಇಂಗ್ಲಿಷರ ಸೋಲನ್ನು ಸಾರುವ ಆ ಚಿತ್ರಗಳು ಹಾಳಾಗಿದ್ದವು. ಅವನ್ನು ಮತ್ತೆ ಬರೆಸಿದವನೂ ಅವನೇ. ಅಲ್ಲಿದ್ದಷ್ಟು ಕಾಲವೂ ಅವನು ಒಂಟಿ.

ಅದರ ಹಿಂದಿನ ಕಥೆ ಡಬ್ಲಿನ್ನಿನದು. ಲಾರ್ಡ್ ಲಾಂಗ್‌ಫರ್ಡ್ ಮನೆತನದ ಕಿಟ್ಟಿ ಪ್ಯಾಕನಮ್‌ಳನ್ನು ಅವನು ಮೆಚ್ಚಿ ಕೇಳಿದ್ದ. ಹುಡುಗನಿಗೆ ಆಸ್ತಿಯಿಲ್ಲ, ಸಾಲವಿದೆ ಎಂದು 1793ರಲ್ಲಿ ಅವಳ ತಮ್ಮ ಒಲ್ಲೆನೆಂದ. ವೆಲ್ಲೆಸ್ಲಿ ತನ್ನ ಪಿಟೀಲನ್ನು ಸುಟ್ಟುಹಾಕಿದ. ಕಾಲ ಬದಲಾದರೂ ತನ್ನ ಮನಸ್ಸು ಬದಲಾಗದು ಎಂದು ಬರೆದುಕೊಟ್ಟು ದಂಡಿನ ಜೊತೆ ಹೊರಟ. 1797ರಲ್ಲಿ ಕಲ್ಕತ್ತೆಗೆ ಬಂದಿಳಿದವನು ಇಂಡಿಯಾ ಬಿಟ್ಟದ್ದು 1805ರಲ್ಲಿ. ಕಾಗದವೊಂದು ಸಮುದ್ರ ದಾಟಲು ಐದಾರು ತಿಂಗಳು ಬೇಕಿದ್ದ ಕಾಲವದು. ಇಬ್ಬರ ನಡುವೆ ನೇರ ಕಾಗದವೂ ಇರಲಿಲ್ಲ. ಗೆಳತಿಯೊಬ್ಬಳ ಮೂಲಕ ಅವನ ಇಂಗಿತ ಅವಳಿಗೆ ಮುಟ್ಟುತ್ತಿತ್ತು. ಈ ನಡುವೆ ಲೋರಿ ಕೋಲ್ ಎಂಬ ಮತ್ತೊಬ್ಬ ಅಧಿಕಾರಿ ಕಿಟ್ಟಿಯನ್ನು ಕೇಳಿದ. ಹಳೆಯ ಮಾತು ನೆನೆದು ಅವಳು ಆ ಸಂಬಂಧ ಬಿಟ್ಟಳು, ಕೊರಗಿನಲ್ಲಿ ಸೊರಗಿದಳು.

1806ರ ಏಪ್ರಿಲ್ 10ರಂದು ಡಬ್ಲಿನ್ನಿನಲ್ಲಿ ಮದುವೆ. ಹತ್ತು ವರ್ಷಕ್ಕೂ ಮಿಕ್ಕಿ ಮುಖ ನೋಡದವಳನ್ನು, ಮದುವೆಗೆ ಮುಂಚೆ ಹೋಗಿ ನೋಡದೆ, ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನು ಕೈಹಿಡಿದ. ಅವಳನ್ನು ಕಂಡೊಡನೆ ರೂಪಗೆಟ್ಟಿದ್ದಾಳೆಂದು ತಮ್ಮನ ಕಿವಿಯಲ್ಲಿ ಉಸುರಿದನಂತೆ. ಈ ಮಾತನ್ನು ಬರೆಯುವವರೆಲ್ಲ ಎತ್ತಿ ಹೇಳುತ್ತಾರೆ. ನನ್ನನ್ನು ನೋಯಿಸುವುದು ಆ ಮಾತಿಗಿಂತ ಅದರ ಹಿಂದಿನ ಏರ್ಪಾಡು. ಹೆಣ್ಣನ್ನು ಮರ್ಯಾದೆಯ ಸಾಲದಂತೆ ಒಂದು ದಡದಲ್ಲಿ ಬಿಟ್ಟು, ದಂಡಯಾತ್ರೆ ಮುಗಿಸಿ ಬಂದು ಆ ಸಾಲ ತೀರಿಸುವ ಏರ್ಪಾಡು ಅದು. ಸಾಲ ಹಾಗೇ ಇರುತ್ತದೆ. ಮನುಷ್ಯರು ಹಾಗೇ ಇರುವುದಿಲ್ಲ.

ಮದುವೆಯಾದ ಮೇಲಾದರೂ ಜೊತೆಯಾಗಿ ಇದ್ದರೆ? 1807 ಮತ್ತು 1808ರಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಎರಡನೆಯದು ಹುಟ್ಟಿದ ವರ್ಷವೇ ಅವನು ಪೋರ್ಚುಗಲ್ಲಿಗೆ ಹೊರಟ. ಕೆಲವು ತಿಂಗಳಿಗೆ ಮರಳಿದವನು 1809ರ ಏಪ್ರಿಲ್‌ನಲ್ಲಿ ಮತ್ತೆ ಹೋದ. ಆಮೇಲೆ ಇಂಗ್ಲೆಂಡಿನ ನೆಲ ಮೆಟ್ಟಿದ್ದು 1814ರಲ್ಲಿ. ಐದು ವರ್ಷ ಅವಳು ಒಬ್ಬಳೇ ಮನೆ ನಡೆಸಿದಳು, ಮಕ್ಕಳನ್ನು ಬೆಳೆಸಿದಳು, ಗೆಲುವಿನ ಸುದ್ದಿಗೂ ಸಾವಿನ ಪಟ್ಟಿಗೂ ಕಾದಳು. ಮನೆಖರ್ಚಿನ ಲೆಕ್ಕ, ಅಂಗಡಿಗಳ ಬಾಕಿ ಇಬ್ಬರ ನಡುವೆ ಆರದ ಕಹಿಯಾಯಿತು. ಲಕ್ಷ ಸೈನಿಕರ ರೊಟ್ಟಿ ಮದ್ದುಗುಂಡಿನ ಲೆಕ್ಕ ಇಟ್ಟವನಿಗೆ ಒಂದು ಮನೆಯ ಲೆಕ್ಕ ತಪ್ಪಿದ್ದು ಅಕ್ಷಮ್ಯವಾಗಿ ಕಂಡಿತು.

ಇಬ್ಬರ ಸ್ವಭಾವಗಳು ನಿಜಕ್ಕೂ ಹೊಂದದವೇ? ಇದಕ್ಕೆ ಉತ್ತರವಾಗಿ ಇಬ್ಬರು ಮಕ್ಕಳನ್ನು ನೆನಪಿಸುತ್ತೇನೆ. ಇಬ್ಬರೂ ಇವರಿಗೆ ಹುಟ್ಟಿದವರಲ್ಲ.

ಮೊದಲನೆಯವನು ಸಲಾಬತ್ ಖಾನ್. ಟಿಪ್ಪುವಿನ ಸೆರೆಯಲ್ಲಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಕೋಟೆ ಬಿದ್ದ ದಿನ ತಪ್ಪಿಸಿಕೊಂಡು ದಂಡು ಕಟ್ಟಿದ. ಅವನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋನಗಲ್ ಬಳಿ ವೆಲ್ಲೆಸ್ಲಿ ಕೊಂದ. ಸತ್ತವನ ಸಾಮಾನು ಸರಂಜಾಮಿನ ನಡುವೆ ನಾಲ್ಕರ ಆಸುಪಾಸಿನ ಒಬ್ಬ ಹುಡುಗ ಸಿಕ್ಕ, ಧೋಂಡಿಯಾನ ಮಗ. ತಾನೇ ಕೊಂದವನ ಮಗನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ತರಿಸಿಕೊಂಡು ಸಾಕಿದ, ಇಂಡಿಯಾ ಬಿಡುವಾಗ ಅವನ ಪೋಷಣೆಗೆ ಹಣ ಇರಿಸಿ ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಎರಡನೆಯವನು ಆರ್ಥರ್ ಫ್ರೀಸ್. ಶ್ರೀರಂಗಪಟ್ಟಣದಲ್ಲಿದ್ದ ಕ್ಯಾಪ್ಟನ್ ಫ್ರೀಸ್‌ನ ಮಗ, ವೆಲ್ಲೆಸ್ಲಿಯ ಧರ್ಮಪುತ್ರ. ಈ ನೆಲದ ಹವೆ ಮಕ್ಕಳಿಗೆ ಒಗ್ಗದೆಂದು ಇಂಗ್ಲೆಂಡಿಗೆ ಕಳುಹಿಸುವುದು ಅಂದಿನ ವಾಡಿಕೆ. ಹಾಗೆ ಹಡಗಿಳಿದ ಹುಡುಗನನ್ನು ಕಿಟ್ಟಿ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡಳು.

ಗಂಡ ಕಾವೇರಿಯ ದಡದಲ್ಲಿ, ಹೆಂಡತಿ ಇಂಗ್ಲೆಂಡಿನಲ್ಲಿ, ಬೇರೆ ಬೇರೆ ಕಾಲದಲ್ಲಿ ಮಾಡಿದ್ದು ಒಂದೇ ಕೆಲಸ. ಇಬ್ಬರೂ ಪರರ ಮಗುವಿಗೆ ಮಡಿಲಾದರು. ಇವರನ್ನು ಹೊಂದದ ಜೋಡಿ ಎನ್ನುವುದು ಹೇಗೆ? ಹೊಂದಿಕೆ ಇತ್ತು, ಅದನ್ನು ಕಂಡುಕೊಳ್ಳುವಷ್ಟು ದಿನ ಒಂದೇ ಸೂರಿನಡಿ ಇರಲಿಲ್ಲ.

ಜೊತೆಗಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ಅದೇ ದಂಡಿನಲ್ಲಿ ಉದಾಹರಣೆಯಿದೆ. 1812ರಲ್ಲಿ ಸ್ಪೇನಿನ ಬಡಾಹೋಸ್ ಊರು ಲೂಟಿಯಾದಾಗ ಆಶ್ರಯ ಕೇಳಿ ಬಂದ ಹದಿನಾಲ್ಕರ ಹುಡುಗಿ ಹುವಾನಾಳನ್ನು ಹ್ಯಾರಿ ಸ್ಮಿತ್ ಎಂಬ ಅಧಿಕಾರಿ ಮದುವೆಯಾದ. ಆ ಎಳೆ ವಯಸ್ಸನ್ನು ಇಂದು ಯಾರೂ ಒಪ್ಪಲಾಗದು, ನಾನೂ ಒಪ್ಪುವುದಿಲ್ಲ. ಆದರೆ ಅವಳು ಕುದುರೆಯೇರಿ ದಂಡಿನ ಜೊತೆಗೇ ನಡೆದಳು, ಇಂಡಿಯಾಕ್ಕೂ ಆಫ್ರಿಕಕ್ಕೂ ಬಂದಳು; ದಾಂಪತ್ಯ ಗಟ್ಟಿಯಾಗಿ ಉಳಿಯಿತು. ದಕ್ಷಿಣ ಆಫ್ರಿಕದ ಲೇಡಿಸ್ಮಿತ್ ಊರಿಗೆ ಅವಳದೇ ಹೆಸರು. ಸಾಮಾನ್ಯ ಸಿಪಾಯಿಯ ಹೆಂಡತಿಗೆ ಆ ಆಯ್ಕೆಯೂ ಇರಲಿಲ್ಲ. ದಂಡು ಹಡಗು ಹತ್ತುವಾಗ ಸುಮಾರು ನೂರು ಜನರ ಕಂಪನಿಗೆ ಆರು ಹೆಂಗಸರಂತೆ ಚೀಟಿ ಎತ್ತುತ್ತಿದ್ದರು. ಚೀಟಿ ಬಾರದವಳು ಕೂಸನ್ನೆತ್ತಿಕೊಂಡು ಬಂದರಿನಲ್ಲೇ ನಿಂತಳು. ಜೊತೆಗೆ ಬಂದವರ ಪಾಡೇನು ಎಂಬುದನ್ನು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ಹೇಳುತ್ತದೆ. ಮುನ್ನೂರಕ್ಕೂ ಹೆಚ್ಚಿನ ಅಲ್ಲಿನ ಗೋರಿಗಳಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ಜ್ವರದ ಕಾಟ ತಾಳದೆ 1809ರಲ್ಲಿ ದಂಡು ಬೆಂಗಳೂರಿಗೆ ಬಂತು. ಇಂದಿಗೂ ನಾವು ದಂಡು ಎಂದೇ ಕರೆಯುವ ಪ್ರದೇಶ ಹುಟ್ಟಿದ್ದು ಹಾಗೆ.

ವೆಲಿಂಗ್ಟನ್ನನನ್ನು ನಾನು ಬಿಡುಗಡೆ ಮಾಡುತ್ತಿಲ್ಲ. ಪರಸ್ತ್ರೀಯರ ಸಂಗ ಅವನದೇ ಆಯ್ಕೆ. ಯುದ್ಧ ಮುಗಿದ ಮೇಲೂ ಹೆಂಡತಿಗೆ ಹೊತ್ತು ಕೊಡದಿದ್ದುದು ಅವನದೇ ತಪ್ಪು. ಆದರೆ ಹೊತ್ತು ಕೊಡುವ ಅಭ್ಯಾಸ ಬೆಳೆಯಬೇಕಾದ ವಯಸ್ಸನ್ನು ದಂಡು ತಿಂದುಹಾಕಿತ್ತು. ಎಲಿಜಬೆತ್ ಲಾಂಗ್‌ಫರ್ಡ್ 1969 ಮತ್ತು 1972ರಲ್ಲಿ ಎರಡು ಸಂಪುಟಗಳಲ್ಲಿ ಅವನ ಚರಿತ್ರೆ ಬರೆದರು. ಕಿಟ್ಟಿಯ ತವರು ಮನೆತನಕ್ಕೇ ಸೊಸೆಯಾಗಿ ಬಂದ ಅವರು ಕಿಟ್ಟಿಯನ್ನು ಕನಿಕರದಿಂದ ಕಂಡರು. ಕನಿಕರ ಒಳ್ಳೆಯದೇ, ಆದರೆ ಅವಳಿಗೆ ಸಲ್ಲಬೇಕಾದ್ದು ನ್ಯಾಯ.

ಯುದ್ಧದ ಬೆಲೆಯನ್ನು ಹೆಣ್ಣಿನ ಮೇಲೆ ಹೊರಿಸುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ವೀರಗಲ್ಲಿನ ಜೊತೆಗೆ ಮಾಸ್ತಿಕಲ್ಲೂ ನಿಂತಿದೆ. ಕಾಳಗದಲ್ಲಿ ಸತ್ತವನಿಗೆ ಸ್ವರ್ಗ, ಅವನ ಹೆಂಡತಿಗೆ ಚಿತೆ. ಅವಳ ಗುರುತಾಗಿ ಉಳಿದದ್ದು ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು ಮಾತ್ರ. ಇಂದು ಫೀಲ್ಡ್ ಪೋಸ್ಟಿಂಗಿನಲ್ಲಿರುವ ಯೋಧ ಸಿಗ್ನಲ್ ಸಿಕ್ಕಾಗ ಹೆಂಡತಿಗೆ ಫೋನ್ ಮಾಡಬಲ್ಲ. ಕುಟುಂಬಕ್ಕೆ ಕ್ವಾರ್ಟರ್ಸ್ ಇದೆ, ರಜೆಯ ನಿಯಮವಿದೆ. ಇವು ಸೇನೆ ತೋರುವ ದಯೆಯಲ್ಲ. ಕಿಟ್ಟಿಯಂಥ ಸಾವಿರಾರು ಹೆಂಗಸರ ಕಾಯುವಿಕೆ ಕಲಿಸಿದ ಪಾಠ.

1831ರ ಏಪ್ರಿಲ್‌ನಲ್ಲಿ ಕಿಟ್ಟಿ ಸಾವಿನ ಹಾಸಿಗೆಯಲ್ಲಿದ್ದಳು. ಗಂಡ ಪಕ್ಕದಲ್ಲೇ ಕುಳಿತಿದ್ದ. ಅವಳು ಅವನ ಅಂಗಿಯ ತೋಳಿನೊಳಗೆ ಮೆಲ್ಲಗೆ ಬೆರಳು ಸರಿಸಿ, ತಾನು ಎಂದೋ ಕಟ್ಟಿದ್ದ ತಾಯಿತ ಇದೆಯೇ ಎಂದು ತಡವಿದಳಂತೆ. ಇತ್ತು. ಇಪ್ಪತ್ತು ವರ್ಷಗಳಲ್ಲಿ ಯಾವಾಗ ಹುಡುಕಿದ್ದರೂ ಸಿಗುತ್ತಿತ್ತು ಎಂದು ಅವನು ಆಮೇಲೆ ಹೇಳಿದನೆನ್ನುತ್ತಾರೆ. ತಪ್ಪನ್ನು ಅವಳ ಮೇಲೇ ಹೊರಿಸುವಂತಿದೆ ಆ ಮಾತು. ಆ ಇಪ್ಪತ್ತು ವರ್ಷಗಳ ಮೊದಲ ಪಾಲಿನಲ್ಲಿ ಆ ತೋಳು ಇದ್ದದ್ದು ಸ್ಪೇನಿನಲ್ಲಿ. ಅಲ್ಲಿಗೆ ಅವಳ ಕೈ ನಿಲುಕುತ್ತಿರಲಿಲ್ಲ.