ಕೋವಿ ಮತ್ತು ನಗೆ: ಕಿರುತೆರೆಯ ಹಾಸ್ಯದಲ್ಲಿ ಕೋವಿಧಾರಿಯ ಚಿತ್ರಣ

ಕನ್ನಡ ಕಿರುತೆರೆಯ ಹಾಸ್ಯ ಪ್ರಹಸನಗಳಲ್ಲಿ ಕಾಣಿಸಿಕೊಳ್ಳುವ ಕೋವಿಧಾರಿ ಪಾತ್ರಗಳು ಮುಖ್ಯವಾಗಿ ಎರಡು ಬಗೆಯವು. ಮಂಡ್ಯದ ಆಡುಮಾತಿನಲ್ಲಿ ಗದರುವ ಊರಗೌಡ ಮೊದಲನೆಯವನು. ಮಗಳ ಪ್ರಿಯಕರನನ್ನು ಕಂಡೊಡನೆ ಜೋಡಿನಳಿಗೆ ಕೋವಿಗೆ ಕೈಹಾಕುವುದು ಅವನ ಲಕ್ಷಣ. ದಪ್ಪ ಮೀಸೆಯ, ಮಾತಿಗೆ ಮೊದಲು ಕೋವಿ ತೋರಿಸುವ ಕೊಡಗಿನ ನಿವೃತ್ತ ಸೇನಾಧಿಕಾರಿ ಎರಡನೆಯವನು. ಇವುಗಳನ್ನು ಕುರಿತ ಅಭಿಪ್ರಾಯಗಳೂ ಎರಡು. ನಗಲೆಂದು ಮಾಡಿದ್ದನ್ನು ನಕ್ಕು ಮರೆಯಬೇಕು ಎಂಬುದು ಒಂದು. ಒಂದು ಜನವರ್ಗವನ್ನು ಹಗುರಾಗಿಸುವ ರಾಜಕೀಯ ಪೂರ್ವಗ್ರಹವಿದು ಎಂಬುದು ಇನ್ನೊಂದು. ಇವೆರಡೂ ನಗೆಯನ್ನು ನಗುವವನಿಂದ ಬೇರ್ಪಡಿಸಿ ನೋಡುತ್ತವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯನ್ನು ನೋಡುಗನ ನೆಲೆಯಾಗಿಟ್ಟುಕೊಂಡು ಈ ಪಾತ್ರಗಳನ್ನು ಪರಿಶೀಲಿಸಿದರೆ, ಒಂದೇ ನೋಡುಗನ ಮುಂದೆ ಈ ಎರಡು ನಗೆಗಳು ಬೇರೆ ಬೇರೆಯಾಗಿ ವರ್ತಿಸುವುದು ಗೋಚರವಾಗುತ್ತದೆ.

ಪಾಲಹಳ್ಳಿಯ ಆಸುಪಾಸಿನ ಬದುಕಿನಲ್ಲಿ ಕೋವಿಯ ಸ್ಥಾನ ಸೀಮಿತವಾದುದು. ಊರಿಗೆ ಹತ್ತಿರದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಕೋವಿಯ ಸದ್ದು ಕೇಳದಿರುವುದೇ ಮೌಲ್ಯ. ನಾಗಮಂಗಲ, ಪಾಂಡವಪುರಗಳ ಕುರುಚಲು ಕಾಡಿನ ಅಂಚಿನಲ್ಲಿ, ಕಬ್ಬಿನ ಗದ್ದೆಗಳಲ್ಲಿ ಹಂದಿಯ ಕಾಟವಿರುವೆಡೆ ಒಂಟಿನಳಿಗೆಯ ಕೋವಿ ಬೆಳೆ ಕಾಯುವ ಸಾಧನ. ಅದಕ್ಕೆ ಪರವಾನಗಿ ಬೇಕು. ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಕೋವಿಯುಳ್ಳ ಮನೆಗಳಲ್ಲಿ ಆಯುಧಪೂಜೆಯ ದಿನ ಅದಕ್ಕೂ ನೇಗಿಲು ಕುಡುಗೋಲುಗಳ ಸಾಲಿನಲ್ಲಿ ಅರಿಸಿನ ಕುಂಕುಮ ಸಲ್ಲುತ್ತದೆ. ಕಿರುತೆರೆಯ ಗೌಡನ ಜೋಡಿನಳಿಗೆಗೂ ಈ ಕೋವಿಗೂ ಇರುವ ಅಂತರವನ್ನು ಇಲ್ಲಿನ ನೋಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ನಗುವುದೇ ಆ ಅಂತರಕ್ಕೆ. ಪ್ರಹಸನವು ಸುಳ್ಳನ್ನು ಹೇಳಿದಾಗ ಅದನ್ನು ತಿದ್ದಿಕೊಳ್ಳುವ ತಿಳಿವಳಿಕೆ ಅವನ ಬಳಿಯೇ ಇದೆ.

ಈ ಬಗೆಯ ನಗೆಗೆ ಜಾನಪದದಲ್ಲಿ ಆಧಾರವಿದೆ. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರು ವಿದ್ವತ್ತಿನ ಗಮನಕ್ಕೆ ತಂದ ಮೂಡಲಪಾಯ ಯಕ್ಷಗಾನದಲ್ಲಿ ಹನುಮನಾಯಕನೆಂಬ ವಿದೂಷಕನು ರಾಜನನ್ನೂ ಬಿಡದೆ ಲೇವಡಿ ಮಾಡುತ್ತಾನೆ. ಅವನ ಮಾತು ಊರಿನ ಆಡುಮಾತು. ಗೇಲಿಗೆ ಗುರಿಯಾಗುವ ಗೌಡ, ಶಾನುಭೋಗರು ಎದುರಿಗೇ ಕುಳಿತಿರಬಲ್ಲರು. ಅವರು ನಗಬಹುದು, ಮುನಿಯಬಹುದು, ಕುಳಿತಲ್ಲಿಂದಲೇ ಮರುಮಾತು ಎಸೆಯಬಹುದು. ಮರುಮಾತಿನ ಈ ಅವಕಾಶವೇ ಬಯಲಾಟದ ಹಾಸ್ಯವನ್ನು ಹದದಲ್ಲಿಟ್ಟಿದೆ. 2016ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಕಾರ್ಯಕ್ರಮದ ಮೂಲಕ ಶಿವರಾಜ್ ಕೆ.ಆರ್. ಪೇಟೆ ಅವರಂತಹ ನಟರು ಪ್ರಸಿದ್ಧರಾದರು. ತನ್ನ ಹೆಸರಿನಲ್ಲಿಯೇ ಊರನ್ನು ಹೊತ್ತ ನಟನು ಊರಿನ ಮಾತನ್ನು ಆಡಿದಾಗ ಗೇಲಿಯ ಅಧಿಕಾರ ಒಳಗಿನವನ ಕೈಯಲ್ಲಿರುತ್ತದೆ. ಬಯಲಾಟದ ನೇರ ಮರುಮಾತು ತೆರೆಗೆ ಸಾಧ್ಯವಿಲ್ಲವಾದರೂ, ಮಂಡ್ಯದ ಗೌಡನಿಗೆ ಅದರ ಛಾಯೆಯಾದರೂ ಉಳಿದಿದೆ.

ಕೊಡವ ಪಾತ್ರಕ್ಕೆ ಈ ಅನುಕೂಲವಿಲ್ಲ. ಪಾಲಹಳ್ಳಿಯ ಬಳಿ ಹರಿಯುವ ಕಾವೇರಿ ಕೊಡಗಿನಿಂದಲೇ ಬಂದರೂ, ಆ ನಾಡಿನಲ್ಲಿ ಕೋವಿಗಿರುವ ಅರ್ಥ ನೀರಿನೊಡನೆ ಹರಿದುಬಂದಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆಯಾಗುತ್ತದೆ; ಅನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಪುತ್ತರಿಯಂದು ಹೊಸ ತೆನೆ ಕೊಯ್ಯುವಾಗ ಗುಂಡು ಹಾರುತ್ತದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸಿ ನೆರೆಹೊರೆಗೆ ಸುದ್ದಿ ಮುಟ್ಟಿಸುವುದು ಸಂಪ್ರದಾಯ. 1924ರಲ್ಲಿ ಪ್ರಕಟವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಕೊಡವರ ಇಂತಹ ಆಚರಣೆಗಳ ಮಹತ್ವದ ಸಂಗ್ರಹ. ಗುಡ್ಡದಿಂದ ಗುಡ್ಡಕ್ಕೆ ಹರಡಿದ ಒಂಟಿಮನೆಗಳ ನಾಡಿನಲ್ಲಿ ಕೋವಿ ಒಂದು ಸಂದೇಶವಾಹಕ. ಪ್ರಹಸನವು ಈ ಎಲ್ಲವನ್ನೂ ಕಳಚಿ ಮೀಸೆ ಮತ್ತು ಕೋವಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ತಿದ್ದಿಕೊಳ್ಳುವ ತಿಳಿವಳಿಕೆಯಿಲ್ಲದ ನೋಡುಗನು ತೆರೆಯ ಚಿತ್ರವನ್ನೇ ಕೊಡಗು ಎಂದು ಗ್ರಹಿಸುತ್ತಾನೆ.

ಈ ಚಿತ್ರದ ಮೂಲ ಕಿರುತೆರೆಗಿಂತ ಹಳೆಯದು. ಬ್ರಿಟಿಷ್ ಆಡಳಿತವು 1861ರಲ್ಲಿ ಕೊಡವರ ನಿಷ್ಠೆ ಮತ್ತು ಶೌರ್ಯವನ್ನು ಮೆಚ್ಚಿ ನಿಶ್ಶಸ್ತ್ರೀಕರಣ ಕಾಯಿದೆಯಿಂದ ಅವರಿಗೆ ವಿನಾಯಿತಿ ನೀಡಿತು. ‘ಯೋಧ ಜನಾಂಗ’ವೆಂಬ ವಸಾಹತುಶಾಹಿ ವರ್ಗೀಕರಣದ ಅಚ್ಚು ಇಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯೂ ವಿನಾಯಿತಿ ಮುಂದುವರಿಯಿತು. 2019ರ ಅಧಿಸೂಚನೆಯು ಅದನ್ನು 2029ರವರೆಗೆ ವಿಸ್ತರಿಸಿತು. ಹುಟ್ಟು ಮತ್ತು ಭೂ ಹಿಡುವಳಿಯ ಆಧಾರದ ಈ ರಿಯಾಯಿತಿ ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಈ ವಿನಾಯಿತಿ ಕೊಡವರಿಗೆ ಮಾತ್ರವಲ್ಲದೆ ಜಮ್ಮಾ ಹಿಡುವಳಿಯುಳ್ಳ ಇತರ ಸಮುದಾಯದವರಿಗೂ ಅನ್ವಯಿಸುತ್ತದೆಂಬ ಸಂಗತಿ ಪ್ರಹಸನಗಳಿಗೆ ಬೇಕಾಗಿಲ್ಲ. ಹುಟ್ಟಿನಿಂದ ದೊರೆಯುವ ಸವಲತ್ತನ್ನು ಪ್ರಶ್ನಿಸುವ ವಿಡಂಬನೆ ನ್ಯಾಯವಾದುದೇ. ಆದರೆ ಕಿರುತೆರೆ ಅದನ್ನೂ ಮಾಡುವುದಿಲ್ಲ. ಆಳುವವರು ಹೊಗಳಿಕೆಗಾಗಿ ಎರೆದ ಅಚ್ಚನ್ನೇ ಅದು ನಗೆಗಾಗಿ ಬಳಸಿಕೊಳ್ಳುತ್ತದೆ. ಅಚ್ಚು ಮಾತ್ರ ಹಾಗೆಯೇ ಉಳಿಯುತ್ತದೆ.

ಅಮೆರಿಕದ ಒಂದು ನಿದರ್ಶನ ಇಲ್ಲಿ ಉಪಯುಕ್ತ. 1971ರಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ ಧಾರಾವಾಹಿಯ ಆರ್ಚಿ ಬಂಕರ್, 1972ರ ಒಂದು ಕಂತಿನಲ್ಲಿ ವಿಮಾನ ಅಪಹರಣ ತಡೆಯಲು ಪ್ರಯಾಣಿಕರೆಲ್ಲರಿಗೂ ಕೋವಿ ಕೊಡಬೇಕೆಂದು ವಾದಿಸುತ್ತಾನೆ. ಅವನ ಸಂಕುಚಿತತೆಯನ್ನು ಲೇವಡಿ ಮಾಡುವುದು ನಿರ್ಮಾಪಕರ ಉದ್ದೇಶವಾಗಿತ್ತು. ವಿಡ್ಮಾರ್ ಮತ್ತು ರೋಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹವುಳ್ಳ ನೋಡುಗರು ಆರ್ಚಿಯನ್ನೇ ಮೆಚ್ಚಿದರು. ಹಾಸ್ಯದ ಉದ್ದೇಶಕ್ಕಿಂತ ನೋಡುಗನು ಮೊದಲೇ ಹೊತ್ತು ತಂದದ್ದು ಹೆಚ್ಚು ಬಲವಾದುದೆಂದು ಇದರಿಂದ ತಿಳಿಯುತ್ತದೆ.

ಆದುದರಿಂದ ಕೋವಿಧಾರಿಯನ್ನು ಕುರಿತ ಹಾಸ್ಯವನ್ನು ಸಾರಾಸಗಟಾಗಿ ನಿರುಪದ್ರವಿ ಎನ್ನುವುದಾಗಲಿ, ಪಕ್ಷಪಾತವೆಂದು ಜರಿಯುವುದಾಗಲಿ ಸಮಂಜಸವಲ್ಲ. ಮದುವೆ ಮೆರವಣಿಗೆಗಳಲ್ಲಿ ಗುಂಡು ಹಾರಿಸುವ ದರ್ಪದಂತಹ ನಡತೆಯನ್ನು ಗೇಲಿ ಮಾಡುವುದು ವಿದೂಷಕನ ಧರ್ಮ. ಹುಟ್ಟನ್ನು ಗೇಲಿ ಮಾಡುವುದು ಅದಲ್ಲ. ಗೇಲಿಗೆ ಗುರಿಯಾದವನಿಗೆ ಮರುಮಾತಿನ ಅವಕಾಶವಿದೆಯೇ, ನೋಡುಗನಿಗೆ ಅವನ ಬದುಕಿನ ಬೇರೆ ಪರಿಚಯವಿದೆಯೇ ಎಂಬ ಎರಡು ಪ್ರಶ್ನೆಗಳಿಂದ ಪ್ರತಿ ಪ್ರಹಸನವನ್ನೂ ಪರೀಕ್ಷಿಸಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ಮಂಡ್ಯದ ಗೌಡ ಪಾಲಹಳ್ಳಿಯಲ್ಲಿ ಉಳಿದುಕೊಳ್ಳುತ್ತಾನೆ, ಕೊಡವ ಉಳಿಯುವುದಿಲ್ಲ. ಮಡಿಕೇರಿಯಲ್ಲಿ ಇದು ತಿರುವುಮುರುವಾಗಲೂಬಹುದು. ಒಂದು ಜನಸಮುದಾಯದ ಹಕ್ಕು ನ್ಯಾಯಾಲಯದ ಮೆಟ್ಟಿಲೇರಿರುವ ಕಾಲದಲ್ಲಿ ಇಂತಹ ನಗೆ ಸಾರ್ವಜನಿಕ ಅಭಿಪ್ರಾಯವನ್ನು ಸದ್ದಿಲ್ಲದೆ ರೂಪಿಸುತ್ತದೆ. ಜಾನಪದ ಅಧ್ಯಯನವು ಬಯಲಾಟದ ಹಾಸ್ಯಕ್ಕೆ ಕೊಟ್ಟ ಗಮನವನ್ನು ಕಿರುತೆರೆಯ ಹಾಸ್ಯಕ್ಕೂ ಕೊಡಬೇಕಾದ ಅಗತ್ಯ ಇಲ್ಲಿದೆ.